ಬೀದರ್‌ನಲ್ಲಿ ಕುಳಿತು ಕಿರಣ್ ಕಿಟ್ ಮಾಡಿದೆ

ವಾಯುಪಡೆಯ ತರಬೇತಿ ಜೆಟ್ ಕಿರಣ್‌ನ ಮಾದರಿ ಜೋಡಿಸುವ ಕಿಟ್ ಮಾಡುತ್ತೇನೆ ಅಂದಾಗ, "ಕಿರಣ್ ಯಾರಿಗೆ ಬೇಕು? ಬ್ರಿಟಿಷರ ಹಳೇ ಯುದ್ಧವಿಮಾನ ಸ್ಪಿಟ್‌ಫೈರ್ ಮಾಡು, ನಾಲ್ಕು ಕಾಸು ಬರುತ್ತದೆ" ಅಂತ ಗೆಳೆಯರೆಲ್ಲ ಹೇಳಿದ್ದರು. ಬೀದರಿನಲ್ಲಿ ಕಿರಣ್ ಬೇಡ ಅನ್ನೋರು ಯಾರು? ವಾಯುಪಡೆಯ ವಿಮಾನ ಕಸರತ್ತಿನ ಸೂರ್ಯಕಿರಣ್ ತಂಡ 1996ರಲ್ಲಿ ಶುರುವಾಗಿದ್ದೇ ಇಲ್ಲಿ, ಇದೇ ವಿಮಾನದಲ್ಲಿ. ಮೂವತ್ತರ ಹತ್ತಿರ ಕಿಟ್ ಮಾರಾಟವಾದ ಮೇಲೆ ಎಲ್ಲರ ಬಾಯಿ ಬಂದ್.

ಅಳತೆ 16ಕ್ಕೆ 1. ಅಸಲಿ ರೆಕ್ಕೆ 10.7 ಮೀಟರ್, ನಮ್ಮದು 67 ಸೆಂ.ಮೀ. ಮೋಟರ್ ಇಲ್ಲ, ರಿಮೋಟ್ ಇಲ್ಲ. ರಬ್ಬರಿನಿಂದ ಚಿಮ್ಮಿಸುವ ಗ್ಲೈಡರ್. ಅಸಲಿ ಅಳತೆಯ ಬಾಲ ಇಟ್ಟರೆ ಮೂಗು ಎತ್ತಿ ದಬಕ್ಕನೆ ಬೀಳುತ್ತದೆ. ಅಡ್ಡಬಾಲವನ್ನು ಸುಮಾರು ಶೇ 15 ದೊಡ್ಡದು ಮಾಡಿದೆ, ಡೈಹೆಡ್ರಲ್ (ರೆಕ್ಕೆಯ ತುದಿ ಮೇಲಕ್ಕೆ ಎತ್ತಿರುವ ಓರೆ) ಕೂಡ ಸ್ವಲ್ಪ ಜಾಸ್ತಿ. ನೋಡುವವರಿಗೆ ಗೊತ್ತಾಗುವುದಿಲ್ಲ.

ದುಡ್ಡು ಹೋಗಿದ್ದು ಲೇಸರ್ ಕಟಿಂಗ್‌ನಲ್ಲಿ. ಮೊದಲ ಅಂಗಡಿಯವರು ಅಕ್ರಿಲಿಕ್ ನೇಮ್‌ಪ್ಲೇಟ್ ಕತ್ತರಿಸುವ ಪವರ್‌ನಲ್ಲೇ ಬಾಲ್ಸಾ ಅನ್ನುವ ಹಗುರ ಮರದ ಹಾಳೆ ಕತ್ತರಿಸಿದರು. ಅಂಚೆಲ್ಲ ಕರಕಲು. ಆರೇಳು ಸಾವಿರದ ಹಾಳೆ ಒಲೆಗೆ ಹೋಯಿತು. ಸುಡದೇ ಕತ್ತರಿಸಿದರೂ ಲೇಸರ್ ಒಂದಿಷ್ಟು ಮರ ತಿನ್ನುತ್ತದೆ, ತುಂಡು ಕೂರಿಸುವ ಸ್ಲಾಟ್ ಸಡಿಲವಾಗುತ್ತದೆ. ಅದಕ್ಕೆ ಮೊದಲು ಒಂದು ತುಂಡಿನಲ್ಲಿ 2.6ರಿಂದ 3 ಮಿ.ಮೀ. ತನಕ ಸಾಲಾಗಿ ಸ್ಲಾಟ್ ಕತ್ತರಿಸಿ, 3 ಮಿ.ಮೀ. ಹಾಳೆ ಕೂರಿಸಿ ನೋಡಿ. ಬೆರಳಿನಿಂದ ತಳ್ಳಿದರೆ ಒಳಗೆ ಹೋಗಬೇಕು, ತಲೆಕೆಳಗೆ ಹಿಡಿದರೆ ಬೀಳಬಾರದು. ನನ್ನ ಅಂಕಿ ಹೇಳುವುದಿಲ್ಲ. ನಿಮ್ಮ ಮೆಷಿನ್ನಿಗೆ ಅದು ಹೊಂದುವುದೂ ಇಲ್ಲ.

ಸ್ಲಾಟ್‌ನೊಳಗೆ ಕೂರುವ ನಾಲಿಗೆ, ಅಂದರೆ ಟ್ಯಾಬ್‌ಗಳ ವಿಷಯದಲ್ಲಿ ಮಾತ್ರ ಬೆನ್ನು ತಟ್ಟಿಕೊಳ್ಳುತ್ತೇನೆ. ರೆಕ್ಕೆಯ ಒಂದೊಂದು ಅಡ್ಡಪಟ್ಟಿಯಲ್ಲಿ (ರಿಬ್) ಟ್ಯಾಬ್ ಒಂದೊಂದು ಜಾಗದಲ್ಲಿದೆ. 4ನೇ ರಿಬ್ 5ನೇದರ ಜಾಗದಲ್ಲಿ ಕೂಡುವುದೇ ಇಲ್ಲ, ತಿರುವಿ ಹಾಕಿದರೂ ಇಲ್ಲ. ಪಕ್ಕದ ಮನೆಯ ಎಂಟನೇ ಕ್ಲಾಸಿನ ಹುಡುಗನಿಗೆ ಸೂಚನೆ ಚೀಟಿ ತೆಗೆದು ಬರೀ ಡಬ್ಬಿ ಕೊಟ್ಟೆ. "ಕಾಕಾ, ಇದು ಬ್ಯಾರೆ ಕಡಿ ಹೋಗೂದೇ ಇಲ್ರೀ" ಅಂದ. ರೆಕ್ಕೆ ನೆಟ್ಟಗೆ ಕೂಡಿತ್ತು. ಅಂಟು ಹಾಕುವಾಗ ಡೈಹೆಡ್ರಲ್ ಹಿಡಿದಿಡುವ ಅಚ್ಚು (ಜಿಗ್) ಹೇಗೆ ಅಂತ ಕೇಳಬೇಡಿ, ಅದು ಕಿಟ್ ಕೊಂಡವರಿಗಷ್ಟೇ.

ನಡುವೆ ಬಾಲ್ಸಾ ಖರ್ಚು ಉಳಿಸೋಣ ಅಂತ ಜೋಳದ ದಂಟಿನ ಬೆಂಡಿನಲ್ಲಿ ರೆಕ್ಕೆಯ ತುದಿ ಕೆತ್ತಿದೆ. ಚಿಕ್ಕವರಿದ್ದಾಗ ಬಂಡಿ ಮಾಡಿ ಆಡುತ್ತಿದ್ದೆವಲ್ಲ, ಅದೇ ಬೆಂಡು. ಹಗುರ ಅಂದರೆ ಹಗುರ, ಪಾಲಿಶ್ ಪೇಪರ್‌ಗೆ ಬೆಣ್ಣೆ ಹಾಗೆ ಬರುತ್ತದೆ. ಮಳೆಗಾಲದಲ್ಲಿ ಹುಳ ಬಿತ್ತು. ನನ್ನ ಸ್ವಂತ ವಿಮಾನಕ್ಕೆ ಈಗಲೂ ಅದನ್ನೇ ಹಾಕುತ್ತೇನೆ, ಮಾರುವುದಕ್ಕೆ ಇಲ್ಲ.

ಕಿಟ್ ಒಂದಕ್ಕೆ ಖರ್ಚು 550ರ ಆಸುಪಾಸು, ಮಾರುವುದು 900. ಈಗ ಹಾಕ್ ಜೆಟ್‌ನ ಕಿಟ್ ಮಾಡಿ ಅಂತ ಗಂಟು ಬಿದ್ದಿದ್ದಾರೆ. ಅದರ ರೆಕ್ಕೆ ಹಿಂದಕ್ಕೆ ವಾಲಿದೆ, ಟ್ಯಾಬ್ ಎಲ್ಲ ಹೊಸದಾಗಿ ಬರೆಯಬೇಕು. ಮೊದಲು ಅಡ್ವಾನ್ಸ್ ಕೊಡಿ ಅಂದಿದ್ದೇನೆ.