ಚಿಕ್ಕ ಕಾರು, ಹಿಂದೊಂದು ಟ್ರೈಲರ್

ಮಂಡ್ಯ ಸುತ್ತಮುತ್ತ ಮದುವೆ, ಬೀಗರೂಟಕ್ಕೆ ಅಡುಗೆ ಮಾಡಿಕೊಡುವುದು ನಮ್ಮ ಕಸುಬು. ಪಾತ್ರೆ, ಒಲೆ, ಗ್ರೈಂಡರ್ ಸಾಗಿಸೋಕೆ ನನ್ನ ಹ್ಯಾಚ್‌ಬ್ಯಾಕ್ ಹಿಂದೆ ಎರಡು ಚಕ್ರದ ಟ್ರೈಲರ್ ಕಟ್ಟುತ್ತೇನೆ. ನೋಡಿದವರೆಲ್ಲ ಕೇಳೋದು ಒಂದೇ: "ಈ ಪುಟಾಣಿ ಕಾರು ಎಳೆಯುತ್ತಾ?" ಎಳೆಯುತ್ತೆ. ಕಷ್ಟ ಇರೋದು ನಿಲ್ಲಿಸೋದರಲ್ಲಿ.

ಟ್ರೈಲರ್‌ಗೆ ಸ್ವಂತ ಬ್ರೇಕ್ ಇಲ್ಲ. ಕಾರಿನ ಬ್ರೇಕ್ ಒತ್ತಿದರೆ ಹಿಂದಿನ ಭಾರ ಕಾರನ್ನೇ ಮುಂದಕ್ಕೆ ನೂಕುತ್ತೆ. ತಿರುವಿನಲ್ಲಿ ಜೋರಾಗಿ ಒತ್ತಿದರಂತೂ ಟ್ರೈಲರ್ ಮಡಚಿಕೊಂಡು ಕಾರಿನ ಪಕ್ಕಕ್ಕೇ ಬಡಿಯಬಹುದು. ವೇಗ 40ರಿಂದ 60ಕ್ಕೆ ಏರಿದರೆ ಬ್ರೇಕ್ ತಡೆಯಬೇಕಾದ ಶಕ್ತಿ ಎರಡು ಪಟ್ಟಿಗೂ ಜಾಸ್ತಿ. ಅದಕ್ಕೇ ನಾನು 40 ದಾಟುವುದಿಲ್ಲ. ಹಿಂದಿನವರು ಹಾರ್ನ್ ಹೊಡೆದುಕೊಳ್ಳಲಿ ಬಿಡಿ.

ಲೋಡ್ ಮಾಡೋದನ್ನು ಮಾತ್ರ ಹುಡುಗರಿಗೆ ಬಿಡಲ್ಲ, ನಾನೇ ನಿಂತು ಮಾಡಿಸುತ್ತೇನೆ. ಗ್ರೈಂಡರ್, ಅಕ್ಕಿ ಮೂಟೆ ಆಕ್ಸಲ್ (ಚಕ್ರಗಳ ಅಚ್ಚು) ಮೇಲೆ, ತುಸು ಮುಂದಕ್ಕೆ. ಖಾಲಿ ಕೊಳದಪ್ಪಲೆ, ಜರಡಿ, ಸೌಟು ಹಿಂದಕ್ಕೆ. ಆಮೇಲೆ ಟ್ರೈಲರ್ ಮೂತಿಯ, ಅಂದರೆ ಕಾರಿಗೆ ಸಿಕ್ಕಿಸುವ ಮುಂತುದಿಯ ಕೆಳಗೆ ಮನೆಯ ತೂಕದ ಮಿಷನ್ ಇಟ್ಟು ನೋಡುತ್ತೇನೆ. ಒಟ್ಟು 300 ಕೆ.ಜಿ. ಇದ್ದರೆ ಮೂತಿಯಲ್ಲಿ ಸುಮಾರು 25-30 ಕೆ.ಜಿ. ಬರಬೇಕು. ಕಡಿಮೆ ಆದರೆ ಬಾಲ ಭಾರವಾಗಿ ಟ್ರೈಲರ್ ಅತ್ತಿತ್ತ ಓಲಾಡುತ್ತೆ. ತೀರಾ ಜಾಸ್ತಿ ಆದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರದ ಹಿಡಿತ ಹೋಗುತ್ತೆ. ಚಿಕ್ಕ ಕಾರುಗಳಲ್ಲಿ ಸಾಮಾನ್ಯವಾಗಿ ಸ್ಟಿಯರಿಂಗ್, ಎಳೆತ, ಹೆಚ್ಚಿನ ಬ್ರೇಕ್ ಎಲ್ಲ ಆ ಮುಂದಿನ ಚಕ್ರಗಳದ್ದೇ ಅಲ್ವಾ?

ಓಲಾಟ ಶುರುವಾದರೆ ಆಕ್ಸಿಲರೇಟರ್ ಬಿಟ್ಟು ಸ್ಟಿಯರಿಂಗ್ ನೇರ ಹಿಡಿಯೋದು, ಅಷ್ಟೆ. ಗಾಬರಿಯಲ್ಲಿ ಬ್ರೇಕ್ ಒತ್ತಿದರೆ, ಸ್ಟಿಯರಿಂಗ್ ತಿರುಗಿಸಿದರೆ ಇನ್ನೂ ಕೆಡುತ್ತೆ.

ಮೈಸೂರಿನ ಆರ್ಡರ್ ಇದ್ದರೆ ಎಕ್ಸ್‌ಪ್ರೆಸ್‌ವೇಗೆ ಹೋಗಲ್ಲ, ಸರ್ವಿಸ್ ರೋಡೇ ಗತಿ. ಎಕ್ಸ್‌ಪ್ರೆಸ್‌ವೇಲಿ ಪಕ್ಕದಲ್ಲಿ ಬಸ್ಸು ಭರ್ ಅಂತ ಹೋದರೆ ಆ ಗಾಳಿಗೇ ಟ್ರೈಲರ್ ಅಲುಗಾಡುತ್ತೆ. ಆದರೆ ಸರ್ವಿಸ್ ರೋಡಲ್ಲೂ ಗಿಜಿಗಿಜಿ: 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಲಿ ಬಿಡದ ಬೈಕು, ಆಟೋ, ಟ್ರ್ಯಾಕ್ಟರ್ ಎಲ್ಲ ಇಲ್ಲಿಗೇ ಬಂದಿವೆ. ಕಬ್ಬಿನ ಕಾಲದಲ್ಲಂತೂ ಕೇಳಲೇಬೇಡಿ. ಚಾಮುಂಡಿ ಬೆಟ್ಟದಿಂದ ಇಳಿಯುವಾಗ ಎರಡನೇ ಗೇರ್. ಇಡೀ ದಾರಿ ಬ್ರೇಕ್ ಒತ್ತಿದರೆ ಅದು ಕಾದು ಹಿಡಿಯಲ್ಲ.

ಹೊಸದಾಗಿ ಕಟ್ಟಿಸುವವರು ಮೊದಲು ಕಾರಿನ ಮ್ಯಾನುಯಲ್ ನೋಡಿ. ಟ್ರೈಲರ್ ಬೇಡ ಅಂದಿದ್ದರೆ ಬೇಡ. ಬಂಪರ್‌ನಲ್ಲಿ ತಿರುಗಿಸಿ ಹಾಕುವ ಕೊಕ್ಕೆ ಕೆಟ್ಟು ನಿಂತ ಕಾರು ಎಳೆಯೋಕೆ ಮಾತ್ರ, ಇದಕ್ಕಲ್ಲ. ಕೊಂಡಿ ಕಳಚಿದರೂ ಮೂತಿ ನೆಲಕ್ಕೆ ಬಡಿಯದ ಹಾಗೆ ಅದರಡಿ ಎರಡು ಚೈನು ಕತ್ತರಿಯಂತೆ ಅಡ್ಡಡ್ಡ ಹಾಕಿಸಿ. ಕಾನೂನಿನಲ್ಲಿ ಟ್ರೈಲರ್ ಕೂಡ ಮೋಟಾರು ವಾಹನವೇ, ಆರ್‌ಟಿಓ ನೋಂದಣಿ ಬೇಕು.

ದೊಡ್ಡ ಮದುವೆ ಇದ್ದ ದಿನ ನಾನು ಸುಮ್ನೆ ಟಾಟಾ ಏಸ್ ಬಾಡಿಗೆಗೆ ಕರೆಯುತ್ತೇನೆ.