ಇನ್‌ಫ್ಲೇಮಬಲ್ ಅಂದರೆ ಬೆಂಕಿ ಹಿಡಿಯುತ್ತದೆ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಸೇಫ್ಟಿ ನೋಡಿಕೊಳ್ಳುತ್ತೇನೆ. ಒಂದು ದಿನ ಬೆಳಗಿನ ಶಿಫ್ಟ್‌ನಲ್ಲಿ ಸುತ್ತು ಹಾಕುವಾಗ ಗ್ರೈಂಡಿಂಗ್ ಮಷೀನಿನ ಪಕ್ಕ ಥಿನ್ನರ್ ಡಬ್ಬ ಕಾಣಿಸಿತು. 5 ಲೀಟರ್ ಡಬ್ಬ, ಮುಚ್ಚಳ ಅರ್ಧ ತೆರೆದಿತ್ತು. ಕಿಡಿ ಬೀಳುವ ಜಾಗ ಅಲ್ಲಿಂದ ಒಂದು ಮಾರು ದೂರ, ಅಷ್ಟೇ. ಮಷೀನ್ ನಿಲ್ಲಿಸಿ, ಡಬ್ಬ ಮುಚ್ಚಿ ಹೊರಗೆ ಒಯ್ದಿಟ್ಟು ಬಂದೆ. ಆಮೇಲೆ ಕೇಳಿದೆ, ಯಾರಪ್ಪ ಇಟ್ಟಿದ್ದು ಅಂತ.

ಗದಗದ ಕಡೆಯ ಹುಡುಗ, ಐಟಿಐ ಮುಗಿಸಿ ಸೇರಿ ತಿಂಗಳೂ ಆಗಿರಲಿಲ್ಲ. "ಸರ್, ಇದಕ್ಕ ಬೆಂಕಿ ಹತ್ತಂಗಿಲ್ಲಲ್ರೀ. ಡಬ್ಬಿ ಮ್ಯಾಲೆ ಇನ್‌ಫ್ಲೇಮಬಲ್ ಅಂತ ಬರದಾರ. ಇನ್‌ಕಂಪ್ಲೀಟ್ ಅಂದ್ರ ಕಂಪ್ಲೀಟ್ ಅಲ್ಲ. ಹಂಗ ಅಲ್ಲೇನ್ರೀ ಇದು?" ಅಂದ.

ಬಯ್ಯಬೇಕು ಅಂತ ಬಾಯಿ ತೆರೆದವನು ಸುಮ್ಮನಾದೆ. ಹುಡುಗ ಡಬ್ಬದ ಮೇಲಿದ್ದುದನ್ನು ಓದಿದ್ದ, ಯೋಚನೆಯನ್ನೂ ಮಾಡಿದ್ದ. ಇನ್‌ವಿಸಿಬಲ್, ಇನ್‌ಆಕ್ಟಿವ್, ಇನ್‌ಕರೆಕ್ಟ್, ಎಲ್ಲದರಲ್ಲೂ 'ಇನ್' ಅಂದರೆ 'ಅಲ್ಲ' ಅಂತಲೇ ಶಾಲೆಯಲ್ಲಿ ಕಲಿಸಿದ್ದು. ತಪ್ಪು ಆ ಪದದಲ್ಲೇ ಇದೆ.

ಅವತ್ತು ರಾತ್ರಿ ಕೂತು ಓದಿದೆ. ಇಂಗ್ಲಿಷಿಗೆ ಲ್ಯಾಟಿನ್‌ನಿಂದ ಬಂದ 'ಇನ್' ಎರಡು ಥರ. ಒಂದರ ಅರ್ಥ 'ಅಲ್ಲ'. ಇನ್ನೊಂದರ ಅರ್ಥ 'ಒಳಗೆ'. ಇನ್‌ಫ್ಲೇಮಬಲ್‌ನಲ್ಲಿ ಇರುವುದು ಎರಡನೆಯದು. ಇನ್‌ಫ್ಲೇಮ್ ಅಂದರೆ ಹೊತ್ತಿಸು, ಇನ್‌ಫ್ಲೇಮಬಲ್ ಅಂದರೆ ಹೊತ್ತಿಕೊಳ್ಳುವಂಥದ್ದು. ಡಾಕ್ಟರು ಹೇಳುವ ಇನ್‌ಫ್ಲಮೇಶನ್ ಕೂಡ ಇದೇ ಬೇರಿನದು. ಅದಕ್ಕೆ ಕನ್ನಡದಲ್ಲಿ ಉರಿಯೂತ ಅನ್ನುತ್ತೇವಲ್ಲ, ಅಲ್ಲೂ ಉರಿ ಇದೆ! ಇಂಗ್ಲಿಷಿನಲ್ಲಿ ಮೊದಲು ಬಂದಿದ್ದು ಇನ್‌ಫ್ಲೇಮಬಲ್. ಫ್ಲೇಮಬಲ್ ಬಳಕೆಗೆ ಬಂದಿದ್ದು 19ನೇ ಶತಮಾನದಲ್ಲಿ. ಎರಡರ ಅರ್ಥವೂ ಒಂದೇ. ನಮ್ಮ ಹುಡುಗನ ಹಾಗೆ ಜನ ತಪ್ಪು ತಿಳಿಯುತ್ತಾರೆ ಅಂತಲೇ 1920ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಅಗ್ನಿ ರಕ್ಷಣಾ ಸಂಘ ಫ್ಲೇಮಬಲ್ ಅಂತಲೇ ಬರೆಯಿರಿ ಎಂದು ಒತ್ತಾಯಿಸಿತು. ಈಗ ರಾಸಾಯನಿಕಗಳ ಅಪಾಯ ತಿಳಿಸಲು ವಿಶ್ವಸಂಸ್ಥೆ ಮಾಡಿರುವ ಜಿಎಚ್‌ಎಸ್ ಲೇಬಲ್ ಪದ್ಧತಿಯಲ್ಲಿ ಇರುವುದೂ ಫ್ಲೇಮಬಲ್ ಒಂದೇ. ನಮ್ಮ ರಸ್ತೆಯಲ್ಲಿ ಮಾತ್ರ ಪೆಟ್ರೋಲ್ ಟ್ಯಾಂಕರ್ ಹಿಂದೆ 'ಹೈಲಿ ಇನ್‌ಫ್ಲೇಮಬಲ್' ಇನ್ನೂ ಓಡಾಡುತ್ತಿದೆ.

ಇದನ್ನು ಹುಡುಗರಿಗೆ ಹೇಗೆ ಹೇಳುವುದು? ಲ್ಯಾಟಿನ್ ಕಟ್ಟಿಕೊಂಡು ಅವರಿಗೇನಾಗಬೇಕು. ಆಗ ಹೊಳೆದಿದ್ದು ನಮ್ಮದೇ 'ವಿ'. ಮಾರನೇ ದಿನ ಶಿಫ್ಟ್ ಶುರುವಾಗುವ ಮುಂಚೆ ಎಲ್ಲರನ್ನೂ ನಿಲ್ಲಿಸಿ ಕೇಳಿದೆ. "ಸಫಲ, ವಿಫಲ, ಇವೆರಡೂ ಒಂದೇನಾ?" ಅಲ್ಲ ಅಂದರು. "ಖ್ಯಾತ, ವಿಖ್ಯಾತ?" ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಆ ಗದಗದ ಹುಡುಗನೇ, "ಎರಡೂ ಒಂದೇ ರೀ ಸರ್, ವಿಖ್ಯಾತ ಅಂದ್ರ ಇನ್ನೂ ಜಾಸ್ತಿ ಹೆಸರುವಾಸಿ" ಅಂದ. ಇನ್‌ಫ್ಲೇಮಬಲ್ ವಿಖ್ಯಾತದ ಜಾತಿ, ವಿಫಲದ ಜಾತಿ ಅಲ್ಲ ಅಂದೆ. ತಕ್ಷಣ ಅರ್ಥವಾಯಿತು.

ಆದರೂ ಮಾತಿಗಿಂತ ಕಣ್ಣು ದೊಡ್ಡದು. ಅಂಗಳಕ್ಕೆ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಒಬ್ಬನ ಕೈಗೆ ಬೆಂಕಿ ಆರಿಸುವ ಸಿಲಿಂಡರ್ ಕೊಟ್ಟು, ತಗಡಿನ ತಟ್ಟೆಗೆ ಒಂದು ಚಮಚ ಥಿನ್ನರ್ ಹಾಕಿದೆ. ಉದ್ದ ಕಡ್ಡಿಯ ತುದಿಗೆ ಬೆಂಕಿ ಹೊತ್ತಿಸಿ ಹತ್ತಿರ ತಂದೆ. ಕಡ್ಡಿ ದ್ರವಕ್ಕೆ ತಾಗಲೇ ಇಲ್ಲ. ಅದಕ್ಕೂ ಮೊದಲೇ ತಟ್ಟೆಯ ಮೇಲಿನ ಆವಿ ಬುಸ್ ಅಂತ ಹತ್ತಿಕೊಂಡಿತು. ಹಿಂದೆ ನಿಂತವರೂ ಎರಡು ಹೆಜ್ಜೆ ಸರಿದರು. ನಮ್ಮ ಥಿನ್ನರ್‌ನಲ್ಲಿ ಟಾಲುಯೀನ್ ಅನ್ನುವ ದ್ರಾವಕ ಇದೆ, ಅದರ ಫ್ಲಾಶ್ ಪಾಯಿಂಟ್ ಸುಮಾರು 4 ಡಿಗ್ರಿ ಸೆಲ್ಸಿಯಸ್. ಅಂದರೆ ಅಷ್ಟು ತಣ್ಣಗಿದ್ದರೂ ಕಿಡಿ ಸಿಕ್ಕರೆ ಹತ್ತಿಕೊಳ್ಳುವಷ್ಟು ಆವಿ ಮೇಲೇಳುತ್ತದೆ. ಮಾಗಿ ಚಳಿಯಲ್ಲೂ ಬೆಂಗಳೂರು ಅಷ್ಟು ತಣ್ಣಗಾಗುವುದಿಲ್ಲ.

ಫಲಕ ಬರೆಸುವಾಗ ನಾನೂ ಒಂದು ತಪ್ಪು ಮಾಡಿದೆ. ಮೊದಲು 'ದಹನಶೀಲ ವಸ್ತು' ಅಂತ ಬರೆಸಿದೆ. ಎರಡು ದಿನ ಆದಮೇಲೆ ಕೇಳಿದರೆ, ಓದಿದ್ದೇನೆ ಅಂದವರೇ ಅರ್ಥ ಹೇಳಲಾರದೆ ಹೋದರು. ಇಂಗ್ಲಿಷ್ ತೆಗೆದು ಇನ್ನೊಂದು ಬೀಗ ಹಾಕಿದ ಹಾಗಾಯಿತು. ಈಗ ಇರುವುದು ಇಷ್ಟು: 'ಬೇಗ ಬೆಂಕಿ ಹತ್ತಿಕೊಳ್ಳುತ್ತದೆ. ಕಿಡಿ ದೂರ ಇರಲಿ.' ಜೊತೆಗೆ ಕೆಂಪು ಅಂಚಿನ ಚೌಕದೊಳಗೆ ಬೆಂಕಿ ಜ್ವಾಲೆಯ ಚಿತ್ರ. ಕನ್ನಡ ಬಾರದ ಬಿಹಾರ, ಒಡಿಶಾದ ಹುಡುಗರಿಗೂ ಅದು ತಿಳಿಯುತ್ತದೆ. ಸ್ಟೋರ್ ರೂಮಿಗೆ ಬರುವ ಯಾವ ಡಬ್ಬದ ಮೇಲೆ ಇನ್‌ಫ್ಲೇಮಬಲ್ ಅಂತ ಕಂಡರೂ ಅದರ ಮೇಲೆ ಇದೇ ಮಾತು, ಚಿತ್ರ ಇರುವ ಚೀಟಿ ಅಂಟಿಸಿಯೇ ಒಳಗೆ ಬಿಡುತ್ತೇವೆ.

ಆ ಕೆಲಸ ಈಗ ಗದಗದ ಹುಡುಗನದೇ. ಮೊನ್ನೆ ಒಂದು ಕ್ಲೀನರ್ ಕ್ಯಾನ್ ಹಿಡಿದುಕೊಂಡು ಬಂದ. ಅದರ ಮೇಲೆ 'ನಾನ್‌ಫ್ಲೇಮಬಲ್' ಅಂತಿತ್ತು. "ಸರ್, ಇದು ಖರೇನ ಹತ್ತಂಗಿಲ್ಲೇನ್ರೀ? ಚೀಟಿ ಹಚ್ಚಲೋ, ಬ್ಯಾಡೋ?" ಈ 'ನಾನ್' ಅಂದರೆ 'ಅಲ್ಲ' ಅಂತಲೇ ಅರ್ಥ, ಅನುಮಾನವಿಲ್ಲ ಅಂದೆ. ಆದರೂ ಇಬ್ಬರೂ ಕೂತು ಆ ಕ್ಲೀನರ್‌ನ ಸುರಕ್ಷತಾ ವಿವರ ಇರುವ ಡೇಟಾ ಶೀಟ್ ತೆಗೆದು, 9ನೇ ವಿಭಾಗದಲ್ಲಿ ಫ್ಲಾಶ್ ಪಾಯಿಂಟ್ ಎಷ್ಟು ಅಂತ ನೋಡಿಯೇ ಕ್ಯಾನ್ ಒಳಗೆ ಕಳಿಸಿದೆವು.