ನಿಂತು ಕೆಲಸ ಮಾಡುವ ಮೇಜು: ಮೊದಲು ಎತ್ತರ ಸರಿಮಾಡಿಕೊಳ್ಳಿ

ಮೈಸೂರಿನ ಹೆಬ್ಬಾಳದಲ್ಲಿರುವ ನಮ್ಮ ಕಚೇರಿಗೆ ಎತ್ತರ ಬದಲಿಸುವ ಮೇಜುಗಳು ಬಂದಾಗ ಮೊದಲ ದಿನ ಎಲ್ಲರೂ ಸಂಜೆಯವರೆಗೆ ನಿಂತರು. ಎರಡನೇ ವಾರಕ್ಕೆ ಎಲ್ಲರ ಮೇಜೂ ಕೆಳಗಿಳಿದಿತ್ತು. ಕಾಲುನೋವು, ಕತ್ತುನೋವು, ಅದರ ಮೇಲೆ ಸಿಡುಕು. ಹೀಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎತ್ತರ. ಇಲ್ಲೇ ಎಲ್ಲರೂ ಎಡವುವುದು. ದಿನವೂ ಹಾಕುವ ಚಪ್ಪಲಿ ಹಾಕಿಕೊಂಡೇ ನಿಲ್ಲಿ. ಭುಜ ಸಡಿಲ ಬಿಡಿ, ಮೊಣಕೈ ಮಡಚಿ. ಮುಂಗೈ ನೆಲಕ್ಕೆ ಸಮನಾಗಿ ಬಂದ ಕಡೆಗೆ ಕೀಬೋರ್ಡ್ ಬರಬೇಕು. ಭುಜ ಮೇಲೆದ್ದರೆ ಮೇಜು ಜಾಸ್ತಿ ಎತ್ತರವಾಯಿತು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಒಂದು ಕೈಯಳತೆ ದೂರಕ್ಕೆ ಇರಲಿ. ಲ್ಯಾಪ್‌ಟಾಪ್ ಒಂದರಲ್ಲೇ ಕೀಬೋರ್ಡ್, ಪರದೆ ಎರಡರ ಎತ್ತರವೂ ಕೂಡಿಬರುವುದಿಲ್ಲ. ಬೇರೆ ಕೀಬೋರ್ಡ್ ತಗೊಳ್ಳಲೇಬೇಕು. ಲ್ಯಾಪ್‌ಟಾಪ್ ಎತ್ತಲು ಸ್ಟ್ಯಾಂಡೇ ಬೇಕಿಲ್ಲ, ಹಳೇ ಪುಸ್ತಕದ ಕಟ್ಟು ಸಾಕು. ಸರಿಹೋದ ಎತ್ತರಕ್ಕೆ ಮೇಜಿನ ಕಾಲಿನ ಮೇಲೆ ಟೇಪ್ ಅಂಟಿಸಿ. ಕುಳಿತಾಗಿನದಕ್ಕೂ ಹಾಗೇ ಗುರುತು ಮಾಡಿ.

ಮೇಜಿನ ಮೇಲಿಡುವ ಅಗ್ಗದ ಎತ್ತರಿಸುವ ಚೌಕಟ್ಟುಗಳನ್ನು ಪೂರ್ತಿ ಮೇಲೆತ್ತಿ ಟೈಪ್ ಮಾಡಿ ನೋಡದೆ ಕೊಳ್ಳಬೇಡಿ. ಪರದೆ ಅಲುಗಾಡಿದರೆ ಬೇಡವೇ ಬೇಡ. ಅಕ್ಷರ ಕುಣಿಯುತ್ತಿದ್ದರೆ ಗಮನ ಎಲ್ಲಿ ನಿಲ್ಲುತ್ತದೆ?

ಆಮೇಲೆ ಹೊತ್ತು. ಮೊದಲ ವಾರ ಒಮ್ಮೆಗೆ 15–20 ನಿಮಿಷ ಸಾಕು. ಮನೆಯ ಮಣೆಯೊಂದನ್ನು ತಂದು ಕಾಲು ಬದಲಿಸಿ ಇಡುತ್ತಿರಿ, ಸೊಂಟ ಹಗುರಾಗುತ್ತದೆ. 2015ರಲ್ಲಿ ಬ್ರಿಟನ್ನಿನಿಂದ ಬಂದ ತಜ್ಞರ ಸಲಹೆಯೂ ಕೆಲಸದ ಹೊತ್ತಲ್ಲಿ ನಿಲ್ಲುವುದು, ಓಡಾಡುವುದು ಎಲ್ಲ ಸೇರಿ ದಿನಕ್ಕೆ 2 ಗಂಟೆಯಿಂದ ಶುರುಮಾಡಿ ನಿಧಾನವಾಗಿ 4ಕ್ಕೆ ಹೋಗಿ ಅನ್ನುತ್ತದೆ.

ಇನ್ನು ಯಾವ ಕೆಲಸಕ್ಕೆ ಯಾವ ಭಂಗಿ? ಅಮೆರಿಕದ ಮೇಯೋ ಕ್ಲಿನಿಕ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 44 ಮಂದಿ ನಾಲ್ಕು ದಿನ ಕುಳಿತು, ನಿಂತು, ನಡೆಯುತ್ತಾ, ಸ್ಟೆಪ್ಪರ್ (ಮೆಟ್ಟಿಲು ಹತ್ತಿದಂತೆ ತುಳಿಯುವ ಸಾಧನ) ತುಳಿಯುತ್ತಾ ಪರೀಕ್ಷೆ ತೆಗೆದುಕೊಂಡರು. ಕುಳಿತಾಗಿಗಿಂತ ನಿಂತಾಗ, ಮೈ ಆಡುತ್ತಿದ್ದಾಗ ತರ್ಕದ ಪ್ರಶ್ನೆಗಳಲ್ಲಿ ಅಂಕ ಸುಧಾರಿಸಿತು. ಟೈಪಿಂಗ್ ವೇಗ ಸ್ವಲ್ಪ ತಗ್ಗಿತು, ಆದರೆ ತಪ್ಪು ಹೆಚ್ಚಲಿಲ್ಲ. ಹಾಗಾಗಿ ಫೋನ್ ಮಾತು, ಓದು, ಯೋಚನೆಗೆ ಎದ್ದು ನಿಲ್ಲಿ. ಟ್ರೆಡ್‌ಮಿಲ್ ಇದ್ದರೆ ಗಂಟೆಗೆ 2 ಕಿ.ಮೀ. ಆಸುಪಾಸಿನಲ್ಲಿ ನಡೆಯಿರಿ. ಸಂಜೆಯೊಳಗೆ ಮುಗಿಸಲೇಬೇಕಾದ ಉದ್ದದ ಟೈಪಿಂಗ್ ಇದ್ದರೆ ಕುಳಿತೇ ಮಾಡಿ. ವೇಗ ತಗ್ಗಿತೆಂಬ ಚಡಪಡಿಕೆ ಸುಮ್ನೆ ಯಾಕೆ, ಅಲ್ವಾ?

ಕಾಲಿನ ನರ ಉಬ್ಬಿದವರು, ಬಸುರಿಯರು ಮೊದಲು ವೈದ್ಯರನ್ನು ಕೇಳಿ.